ಮರದ ಮೇಲಣ ದೀರ್ಘವೃತ್ತ

ವೃತ್ತದ ವಿಷಯದಲ್ಲಿ ವಿಮರ್ಶೆಗೆ ಎಡೆಯಿಲ್ಲ. ಕೈವಾರದ ಒಂದು ಕಾಲನ್ನು ಊರಿ ಮತ್ತೊಂದನ್ನು ತಿರುಗಿಸಿದ ಮಾತ್ರಕ್ಕೆ ಅದು ಹಲಗೆಯ ಮೇಲೆ ಮೂಡುತ್ತದೆ. ಮೂಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಯಾವ ಬಡಗಿಯ ಸಾಲೆಯಲ್ಲಿಯೂ ಹುಟ್ಟಿದ್ದನ್ನು ಕಾಣೆ. ಆದರೆ ಊಟದ ಮೇಜಿನ ಮೇಲುಹಲಗೆಗೋ, ಕನ್ನಡಿಯ ಚೌಕಟ್ಟಿಗೋ, ಬಾಗಿಲ ತಲೆಯ ಮೇಲಣ ಗಾಳಿಕಿಂಡಿಗೋ ನೀಳವಾದ ದುಂಡು ಬೇಕಾದಾಗ, ಎಂದರೆ ದೀರ್ಘವೃತ್ತ ಬೇಕಾದಾಗ, ಒಂದಲ್ಲ ನಾಲ್ಕು ವಿಧಾನಗಳು ಮುಂದೆ ಬಂದು ನಿಲ್ಲುತ್ತವೆ. ನಾಲ್ಕಕ್ಕೂ ತಮ್ಮ ತಮ್ಮ ಅಭಿಮಾನಿಗಳುಂಟು. ನಾಲ್ಕರಿಂದಲೂ ಅವಸರದ ಕಣ್ಣಿಗೆ ಒಂದೇ ಎಂದು ತೋರುವ ಆಕೃತಿ ಹೊರಡುತ್ತದೆ. ಆ ಹೋಲಿಕೆಯ ಮರೆಯಲ್ಲಿ ಮರವನ್ನೂ ಕೂಲಿಯನ್ನೂ ನುಂಗುವಂಥ ವ್ಯತ್ಯಾಸಗಳು ಅಡಗಿ ಕುಳಿತಿರುತ್ತವೆ. ಶಾಲೆಯ ಪಾಠದಲ್ಲಿಯೂ ಹವ್ಯಾಸಿಗಳ ಮಾತಿನಲ್ಲಿಯೂ ಅಗ್ರಪೂಜೆ ಸಲ್ಲುತ್ತಿರುವುದು ಎರಡು ಮೊಳೆ ಮತ್ತು ಒಂದು ದಾರದ ವಿಧಾನಕ್ಕೆ. ಈ ಗೌರವ ಬಹುಮಟ್ಟಿಗೆ ಅಪಾತ್ರದಾನವೆಂದೂ, ಮರಗೆಲಸದ ಮಟ್ಟಿಗಾದರೂ ಅದು ಮೂರು ಗುರುತಿನ ಒಂದು ಬಡ ಕೋಲಿಗೆ ಸಲ್ಲತಕ್ಕದ್ದೆಂದೂ ನನ್ನ ಅಭಿಪ್ರಾಯ. ಅಭಿಪ್ರಾಯವನ್ನು ಹೇಳಿ ಸುಮ್ಮನಾಗುವುದು ವಿಮರ್ಶೆಯಾಗದಾದ್ದರಿಂದ, ಒಂದೊಂದು ವಿಧಾನವನ್ನೂ ಹಲಗೆಯ ಮೇಲೆ ಇಟ್ಟೇ ನೋಡೋಣ.

ಈ ರೇಖೆಯನ್ನು ಅರಿಯುವುದಕ್ಕೆ ಎರಡು ದಾರಿಗಳಿವೆ. ಒಳಗಿನ ಎರಡು ನಿಯತ ಬಿಂದುಗಳಿಂದ, ಎಂದರೆ ನಾಭಿಗಳಿಂದ, ರೇಖೆಯ ಮೇಲಿನ ಯಾವ ಬಿಂದುವಿಗೆ ಅಳೆದರೂ ಆ ಎರಡು ದೂರಗಳ ಮೊತ್ತ ಒಂದೇ ಆಗಿರುತ್ತದೆಂಬುದು ಮೊದಲನೆಯ ದಾರಿ. ಶಂಕುವಿನ ಛೇದಗಳನ್ನು ಕುರಿತು ಮಹಾಗ್ರಂಥವನ್ನು ಬರೆದ ಗ್ರೀಕ್ ಜ್ಯಾಮಿತಿಕಾರ ಅಪೊಲೋನಿಯಸನು ಇದನ್ನು ಸಾಧಿಸಿ ತೋರಿಸಿದ್ದಾನೆ. ವೃತ್ತವೊಂದನ್ನು ಒಂದೇ ದಿಕ್ಕಿನಲ್ಲಿ ಎಲ್ಲೆಡೆಯೂ ಒಂದೇ ಪ್ರಮಾಣಕ್ಕೆ ಕುಗ್ಗಿಸಿದರೆ ಉಳಿಯುವುದೇ ದೀರ್ಘವೃತ್ತವೆಂಬುದು ಎರಡನೆಯ ದಾರಿ. ಮೊದಲನೆಯದು ಪಂಡಿತರಿಗೆ ಪ್ರಿಯವಾದದ್ದು, ಎರಡನೆಯದು ಕೆಲಸಗಾರನಿಗೆ ಉಪಯುಕ್ತವಾದದ್ದು. ಆದರೂ ಪುಸ್ತಕಗಳು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟಿರುವುದೇ ದಾರದ ವಿಧಾನಕ್ಕೆ ಬಂದಿರುವ ಅತಿಪ್ರಸಿದ್ಧಿಗೆ ಮೂಲವೆಂದು ತೋರುತ್ತದೆ.

ಕಣ್ಣಿನ ಅಂದಾಜನ್ನು ಮಾತ್ರ ನಂಬುವವರಿಗೆ ಡ್ಯೂರರನ ಪ್ರಸಂಗವನ್ನು ನೆನಪಿಸಬೇಕು. ರೇಖೆಯ ಮೇಲೆ ಅವನಿಗಿದ್ದಂಥ ಪ್ರಭುತ್ವ ಯೂರೋಪಿನ ಚಿತ್ರಕಾರರಲ್ಲಿಯೇ ವಿರಳ. ಅಂಥವನು 1525ರಲ್ಲಿ ಪ್ರಕಟಿಸಿದ ತನ್ನ ಮಾಪನಗ್ರಂಥದಲ್ಲಿ ಶಂಕುವನ್ನು ಓರೆಯಾಗಿ ಕತ್ತರಿಸಿದಾಗ ಬರುವ ಆಕೃತಿಯನ್ನು ಬಿಂದುಬಿಂದುವಾಗಿ ಸಾಧಿಸಿ, ಬಿಂದುಗಳನ್ನು ಕೂಡಿಸುವ ಹೊತ್ತಿಗೆ ಅದನ್ನು ಮೊಟ್ಟೆಯ ಆಕಾರಕ್ಕೆ ತಿರುಗಿಸಿಬಿಟ್ಟನು. ಶಂಕು ಕೆಳಗೆ ಅಗಲವಾಗುತ್ತ ಹೋಗುವುದರಿಂದ ಛೇದವೂ ಕೆಳಗೆ ಅಗಲವಾಗಲೇಬೇಕೆಂಬ, ಮೇಲುನೋಟಕ್ಕೆ ಯುಕ್ತವಾದ, ಆದರೆ ಸುಳ್ಳಾದ ತರ್ಕ ಅವನ ಕೈಯನ್ನು ಎಳೆದಿರಬೇಕು. ದೀರ್ಘವೃತ್ತದ ಎರಡು ತುದಿಗಳೂ ಸಮಾನವೆಂಬುದನ್ನು ಡ್ಯೂರರನ ಕಣ್ಣೇ ಒಪ್ಪದೆಹೋದ ಮೇಲೆ, ನಮ್ಮ ನಿಮ್ಮ ಕಣ್ಣಳತೆಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದು?

ನಮ್ಮ ನಾಡಿನಲ್ಲಿಯೂ ಈ ಆಕೃತಿಯ ಚಿಂತನೆ ಹೊಸದೇನಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಇದನ್ನು ಆಯತವೃತ್ತವೆಂದು ಕರೆದು, ಅದರ ಪರಿಧಿಗೂ ಕ್ಷೇತ್ರಫಲಕ್ಕೂ ಸೂತ್ರಗಳನ್ನು ಕೊಟ್ಟಿದ್ದಾನೆ. ಉದ್ದ 36, ಅಗಲ 12 ಇರುವ ಆಯತವೃತ್ತವನ್ನು ಅವನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಉದ್ದಕ್ಕೆ ಅಗಲದ ಅರ್ಧವನ್ನು ಕೂಡಿಸಿ ಇಮ್ಮಡಿಸಿದರೆ ಪರಿಧಿ ಎಂಬ ಅವನ ಸ್ಥೂಲಸೂತ್ರದಂತೆ ಉತ್ತರ 84. ಅವನ ಸೂಕ್ಷ್ಮಸೂತ್ರದಂತೆ 78ಕ್ಕೆ ತುಸು ಕಡಮೆ. ನಿಜವಾದ ಪರಿಧಿ 80ಕ್ಕೆ ತುಸು ಮೇಲೆ. ಗಣಿತಜ್ಞನು ಎರಡನೆಯದನ್ನೇ ಮೆಚ್ಚುವನು, ಸತ್ಯಕ್ಕೆ ಅದೇ ಹತ್ತಿರ. ಆದರೆ ಹಲಗೆಯ ಅಂಚಿಗೆ ಸುತ್ತಲೂ ತೆಳುಪಟ್ಟಿ ಅಂಟಿಸಬೇಕಾದ ಬಡಗಿ ಸೂಕ್ಷ್ಮಸೂತ್ರವನ್ನು ನಂಬಿ ಪಟ್ಟಿಯನ್ನು ಕೊಯ್ದರೆ ಎರಡು ತುದಿಗಳ ನಡುವೆ ಎರಡಂಗುಲಕ್ಕೂ ಮಿಕ್ಕಿ ಬಾಯಿಬಿಟ್ಟುಕೊಳ್ಳುತ್ತದೆ. ಸ್ಥೂಲಸೂತ್ರವನ್ನು ನಂಬಿದವನಿಗೆ ನಾಲ್ಕಂಗುಲದ ಚೂರೊಂದು ಮಿಗುತ್ತದೆ, ಕೆಲಸ ಕೆಡುವುದಿಲ್ಲ. ಕ್ಷೇತ್ರಫಲದ ಸೂತ್ರವನ್ನಂತೂ ಇಬ್ಬರೂ ಕೈಬಿಡತಕ್ಕದ್ದು: ಅದು 252 ಎಂದು ಹೇಳುತ್ತದೆ, ನಿಜ 339. ಆಚಾರ್ಯನು ಅಳೆದನೇ ಹೊರತು ಬರೆಯುವ ವಿಧಾನವನ್ನು ಹೇಳಲು ಹೊರಟವನಲ್ಲ. ಆದರೂ ಅವನ 36 ಮತ್ತು 12ರ ಅಳತೆ ನಮಗೆ ಅನುಕೂಲವಾಗಿದೆ. ಅಂಗುಲಗಳೆಂದು ಭಾವಿಸಿದರೆ ಅದೊಂದು ನಿಲುಗನ್ನಡಿಯ ಚೌಕಟ್ಟಿನ ಅಳತೆ. ಮುಂದಿನ ಪರೀಕ್ಷೆಗಳನ್ನೆಲ್ಲ ಬಹುತೇಕ ಅದರ ಮೇಲೆಯೇ ನಡೆಸಬಹುದು.

ಈಗ ದಾರ. ಇದರ ವಂಶಾವಳಿ ದೊಡ್ಡದು. ಕಾನ್‌ಸ್ಟಾಂಟಿನೋಪಲ್ಲಿನ ಹೇಗಿಯಾ ಸೋಫಿಯಾ ದೇವಾಲಯವನ್ನು ಕಟ್ಟಿದ ಶಿಲ್ಪಿಗಳಲ್ಲೊಬ್ಬನಾದ ಆಂಥೀಮಿಯಸನು ಆರನೆಯ ಶತಮಾನದಲ್ಲಿಯೇ, ಬೆಳಕನ್ನು ಒಂದೆಡೆಗೆ ಕೂಡಿಸುವ ದರ್ಪಣಗಳ ಪ್ರಸ್ತಾಪದಲ್ಲಿ ಇದನ್ನು ವರ್ಣಿಸಿದ್ದಾನೆ. 1846ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದೆ ಓದಲಾದ ಒಂದು ಲೇಖನ, ದಾರವನ್ನು ಒಂದು ಮೊಳೆಯ ಕಡೆಗೆ ಒಂದು ಸಲಕ್ಕಿಂತ ಹೆಚ್ಚು ಸುತ್ತಿದರೆ ಯಾವ ಯಾವ ಹೊಸ ಅಂಡಾಕೃತಿಗಳು ಬರುತ್ತವೆಂಬುದನ್ನು ಕುರಿತದ್ದು. ಅದನ್ನು ಬರೆದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನಿಗೆ ಆಗ ಹದಿನಾಲ್ಕು ವರ್ಷ, ಸಭೆಯಲ್ಲಿ ತಾನೇ ಓದುವ ವಯಸ್ಸಲ್ಲವೆಂದು ಪ್ರಾಧ್ಯಾಪಕ ಫೋರ್ಬ್ಸ್ ಅವನ ಪರವಾಗಿ ಓದಿದರು. ಎರಡು ಮೊಳೆಗಳ ನಡುವೆ ಒಂದು ದಾರವನ್ನು ಬಿಗಿದುಕೊಂಡು ಹುಡುಗನೊಬ್ಬನ ಬುದ್ಧಿ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕಿಲ್ಲ. ವಿಚಾರದ ಸಾಧನವಾಗಿ ದಾರಕ್ಕೆ ನನ್ನ ನಮಸ್ಕಾರವಿದೆ. ದೀರ್ಘವೃತ್ತವೆಂದರೇನೆಂದು ಮಕ್ಕಳಿಗೆ ಮನಗಾಣಿಸುವುದಕ್ಕೆ ಅದಕ್ಕೆ ಸಮಾನವಾದದ್ದು ಮತ್ತೊಂದಿಲ್ಲ.

ಆದರೆ ಕನ್ನಡಿಯ ಚೌಕಟ್ಟಿನ ಹಲಗೆಯ ಮೇಲೆ ಅದನ್ನು ಹೂಡಿ ನೋಡಿರಿ. ಉದ್ದ 36, ಅಗಲ 12 ಅಂಗುಲವಾದರೆ ನಾಭಿಗಳು ಕೇಂದ್ರದಿಂದ ಸುಮಾರು 17 ಅಂಗುಲ ದೂರದಲ್ಲಿ, ಎಂದರೆ ಎರಡು ತುದಿಗಳಿಂದ ಬರೀ ಒಂದಂಗುಲ ಒಳಗೆ ಬಂದು ಕೂಡುತ್ತವೆ. ಸೀಸದಕಡ್ಡಿಯು ನಡುಭಾಗದಲ್ಲಿ ಸಲೀಸಾಗಿ ಓಡಿ, ತುದಿಯ ಬಳಿಗೆ ಬಂದು ಮೊಳೆಯನ್ನು ಬಳಸಿ ತಿರುಗಬೇಕಾದಾಗ, ದಾರದ ಒಂದು ತುಂಡು ಅಂಗುಲದಷ್ಟಕ್ಕೆ ಕುಗ್ಗಿ, ಇನ್ನೊಂದು ಇಡಿಯ ಹಲಗೆಯ ಉದ್ದಕ್ಕೂ ಚಾಚಿಕೊಂಡು, ಕಡ್ಡಿಯು ಒಳಕ್ಕೆ ವಾಲಿ, ಗಂಟು ಮೊಳೆಯ ತಲೆಗೆ ಸಿಕ್ಕಿ, ಬೆರಳು ತನ್ನ ಬಿಗಿಯನ್ನು ತನಗರಿವಿಲ್ಲದೆಯೇ ಬದಲಾಯಿಸುತ್ತದೆ. ಆಕೃತಿಯ ವಕ್ರತೆ ಅತ್ಯಂತ ತೀಕ್ಷ್ಣವಾಗಿರುವ, ಆದುದರಿಂದ ನಿಖರತೆ ಅತ್ಯಂತ ಅಗತ್ಯವಾದ ಸ್ಥಳದಲ್ಲಿಯೇ ಸಾಧನವು ಅತ್ಯಂತ ತೊಡಕಿನದಾಗುವುದು ಮೊದಲನೆಯ ದೋಷ.

ಎರಡನೆಯದು ಇನ್ನೂ ದೊಡ್ಡದು, ಏಕೆಂದರೆ ಅದು ಕೈಯ ದೋಷವಲ್ಲ, ವಿಧಾನದ ಸ್ವಭಾವದಲ್ಲಿಯೇ ಬೆರೆತದ್ದು. ಯಾವ ದಾರವೂ ಎಳೆದರೆ ಅಷ್ಟಿಷ್ಟು ಹಿಗ್ಗದಿರದು. 36 ಅಂಗುಲದ ದಾರ ಕಾಲಂಗುಲ ಹಿಗ್ಗಿತೆಂದಿಟ್ಟುಕೊಳ್ಳಿ. ಉದ್ದ ಆ ಕಾಲಂಗುಲದಷ್ಟೇ ಹೆಚ್ಚುತ್ತದೆ; ಅದನ್ನು ಯಾರೂ ಗಮನಿಸುವಂತಿಲ್ಲ. ಅಗಲವೋ ಮುಕ್ಕಾಲು ಅಂಗುಲಕ್ಕೆ ಸಮೀಪವಾಗಿ ಹೆಚ್ಚಿಬಿಡುತ್ತದೆ! ಉದ್ದವು ಅಗಲದ ಎಷ್ಟು ಮಡಿಯೋ ತಪ್ಪೂ ಅಗಲದಲ್ಲಿ ಹತ್ತಿರ ಹತ್ತಿರ ಅಷ್ಟು ಮಡಿಯಾಗುತ್ತದೆಂಬುದು ಇದರ ನಿಯಮ. ಮೂರರಷ್ಟು ನೀಳವಾದ ಆಕೃತಿಯಲ್ಲಿ ತಪ್ಪೂ ಮೂರರಷ್ಟು. ಮೊಳೆಗಳನ್ನು ನಾಭಿಯಿಂದ ಕೂದಲೆಳೆಯಷ್ಟು ಆಚೀಚೆ ಹೊಡೆದರೂ ಇದೇ ಪಾಡು. ಹನ್ನೆರಡಂಗುಲ ಅಗಲದ ಕನ್ನಡಿಗೆಂದು ಕೊಯ್ದ ಚೌಕಟ್ಟು ಹನ್ನೆರಡು ಮುಕ್ಕಾಲಾಗಿ ಕೂತರೆ ಕನ್ನಡಿಯವನನ್ನು ಬೈದು ಏನು ಪ್ರಯೋಜನ? ಹಿಗ್ಗದ ತಂತಿಯನ್ನು ಬಳಸಬಹುದೆಂದು ದಾರದ ಪಕ್ಷಪಾತಿಗಳು ಸಮಾಧಾನ ಹೇಳುವುದುಂಟು. ತಂತಿ ಹಿಗ್ಗುವುದಿಲ್ಲ, ನಿಜ, ಆದರೆ ತುದಿಯ ತಿರುವಿನಲ್ಲಿ ಬಾಗುವುದಕ್ಕೂ ಒಪ್ಪುವುದಿಲ್ಲ. ತೋಟದಲ್ಲಿ ಹೂವಿನ ಪಾತಿಯನ್ನು ಕಟ್ಟುವವನಿಗೆ ಎರಡು ಗೂಟ ಮತ್ತು ಹಗ್ಗ ಸಾಕು, ಅಲ್ಲಿ ಅಂಗುಲದ ಲೆಕ್ಕವನ್ನು ಕೇಳುವವರಿಲ್ಲ. ಆ ಕ್ಷೇತ್ರವನ್ನು ದಾರಕ್ಕೆ ಉಂಬಳಿಯಾಗಿ ಬಿಟ್ಟುಕೊಡಬಹುದು.

ಕೋಲಿನ ವಿಧಾನ ನೋಡುವುದಕ್ಕೆ ದರಿದ್ರ. ಒಂದು ನೇರವಾದ ತೆಳು ರೀಪರು, ಅದರ ತುದಿಯಲ್ಲಿ ಸೀಸದಕಡ್ಡಿಗೆ ಒಂದು ತೂತು, ಅಲ್ಲಿಂದ ಆಕೃತಿಯ ಅರ್ಧ ಅಗಲಕ್ಕೆ ಒಂದು ಮೊಳೆ, ಅರ್ಧ ಉದ್ದಕ್ಕೆ ಇನ್ನೊಂದು ಮೊಳೆ. ನಮ್ಮ ಚೌಕಟ್ಟಿಗಾದರೆ 6 ಮತ್ತು 18 ಅಂಗುಲ. ಹತ್ತಿರದ ಮೊಳೆ ದೀರ್ಘಾಕ್ಷದ ಗುಂಟವೂ ದೂರದ ಮೊಳೆ ಹ್ರಸ್ವಾಕ್ಷದ ಗುಂಟವೂ ಸರಿಯುತ್ತಿರುವಂತೆ ಕೋಲನ್ನು ತಿರುಗಿಸಿದರೆ ತುದಿಯ ಕಡ್ಡಿಯು ಶುದ್ಧವಾದ ದೀರ್ಘವೃತ್ತವನ್ನು ಬರೆಯುತ್ತದೆ. ಇದನ್ನು ಆರ್ಕಿಮಿಡೀಸನ ಹೆಸರಿನಿಂದ ಕರೆಯುವ ವಾಡಿಕೆ ಇದ್ದರೂ ಉಳಿದು ಬಂದಿರುವ ಅವನ ಗ್ರಂಥಗಳಲ್ಲಿ ಇದರ ಪ್ರಸ್ತಾಪವಿಲ್ಲ. ಲಂಬಕೋನದ ಎರಡು ಬಾಹುಗಳ ಮೇಲೆ ತುದಿಗಳನ್ನೂರಿ ಜಾರುವ ಸರಳರೇಖೆಯ ಮಧ್ಯಬಿಂದು ವೃತ್ತವನ್ನೂ ಉಳಿದ ಬಿಂದುಗಳು ದೀರ್ಘವೃತ್ತಗಳನ್ನೂ ಬರೆಯುತ್ತವೆಂದು ಐದನೆಯ ಶತಮಾನದ ಪ್ರೋಕ್ಲಸನು ಯೂಕ್ಲಿಡನ ವ್ಯಾಖ್ಯಾನದಲ್ಲಿ ಹೇಳಿದ್ದಾನೆ. ದೊಡ್ಡವರ ಹೆಸರಿನ ಹಂಗಿಲ್ಲದೆಯೂ ನಿಲ್ಲಬಲ್ಲ ವಿಧಾನವಿದು.

ಮೈಸೂರಿನ ಕಡೆಯ ಒಬ್ಬ ವೃದ್ಧ ಆಚಾರ್ಯರು ಆರಡಿ ಉದ್ದ, ನಾಲ್ಕಡಿ ಅಗಲದ ತೇಗದ ಮೇಜಿಗೆ ಈ ರೇಖೆಯನ್ನು ಎಳೆಯುತ್ತಿದ್ದುದನ್ನು ನಾನು ಹತ್ತಿರದಲ್ಲಿ ನಿಂತು ನೋಡಿದ್ದೇನೆ. ಹಲಗೆಯ ಮೇಲೆ ಎರಡು ಅಕ್ಷಗಳನ್ನು ಗೀಚಿ, ಲಂಬವನ್ನು ಮೂರು ನಾಲ್ಕು ಐದರ ಲೆಕ್ಕದಿಂದ ಪರೀಕ್ಷಿಸಿ, ದೊಡ್ಡ ಮೂಲೆಮಟ್ಟದ ಹೊರಮೂಲೆ ಕೇಂದ್ರಕ್ಕೂ ಹೊರ ಅಂಚುಗಳು ಎರಡು ಅಕ್ಷಗಳಿಗೂ ಹೊಂದುವಂತೆ ಇಟ್ಟವರು, ಇನ್ನೇನು ಬಿಗಿಯಬೇಕೆನ್ನುವಾಗ ಅದನ್ನು ಎರಡು ಗೆರೆಗಳಿಂದಲೂ ಒಂದಿಷ್ಟು ಒಳಕ್ಕೆ ಸರಿಸಿದರು. ಏಕೆಂದರೆ ಅಂಚಿಗೆ ಒರಗಿಕೊಂಡು ಓಡುವುದು ಮೊಳೆಯ ಮೈ, ಅಕ್ಷದ ಮೇಲೆ ಓಡಬೇಕಾದದ್ದು ಮೊಳೆಯ ನಡು. ಆದಕಾರಣ ಮೊಳೆಯ ದಪ್ಪದಲ್ಲಿ ಅರ್ಧದಷ್ಟು ಮಟ್ಟವು ಹಿಂದೆ ಸರಿಯಬೇಕು. ಪುಸ್ತಕಗಳು ಬರೆಯದೆ ಬಿಡುವ ವಿವರವೆಂದರೆ ಇಂಥದು. ಆಮೇಲೆ ಎಡಗೈಯಿಂದ ಎರಡು ಮೊಳೆಗಳನ್ನೂ ಅಂಚಿಗೆ ಒತ್ತಿ ಹಿಡಿದು, ಬಲಗೈಯಿಂದ ಕಡ್ಡಿಯನ್ನು ನಡೆಸುತ್ತ, ಒಂದು ಕಾಲುಭಾಗವನ್ನು ಒಂದೇ ಓಟದಲ್ಲಿ ಬರೆದು ಮುಗಿಸಿದರು. ಮಟ್ಟವನ್ನು ತಿರುಗಿಸಿ ತಿರುಗಿಸಿ ಉಳಿದ ಮೂರನ್ನು ಬರೆದರು. ಪಕ್ಕದಲ್ಲಿದ್ದ ಹುಡುಗ, ಶಾಲೆಯಲ್ಲಿ ಕಲಿತದ್ದನ್ನು ನೆನೆದು, “ದಾರ ಬೇಡ್ವಾ, ಆಚಾರ್ರೇ?” ಎಂದು ಕೇಳಿದ್ದಕ್ಕೆ, ಅವರು ತಲೆಯೆತ್ತದೆಯೇ “ದಾರ ಹೂ ಕಟ್ಟೋಕೆ ಕಣಪ್ಪ” ಎಂದರು.

ಆ ಉತ್ತರದಲ್ಲಿ ಅಡಗಿದ್ದ ವಿಮರ್ಶೆಯನ್ನು ಬಿಡಿಸಿ ಹೇಳುವುದಾದರೆ ಹೀಗೆ: ಕೋಲಿನ ಮೇಲೆ ಬಡಗಿ ಗುರುತು ಮಾಡುವುದು ಅರ್ಧ ಉದ್ದ ಮತ್ತು ಅರ್ಧ ಅಗಲ, ಎಂದರೆ ಅವನಿಗೆ ಬೇಕಾದ ಅಳತೆಗಳನ್ನೇ, ನಾಭಿಯನ್ನು ಹುಡುಕುವ ವರ್ಗಮೂಲದ ಗೊಡವೆ ಅವನಿಗಿಲ್ಲ. ಗುರುತಿನಲ್ಲಿ 1/16 ಅಂಗುಲ ತಪ್ಪಿದರೆ ಆ ಅಕ್ಷದ ತುದಿಯೂ 1/16 ಅಂಗುಲವೇ ತಪ್ಪುತ್ತದೆ. ಮೂರುಮಡಿಯಾಗಿ ಬೆಳೆದು ಬರುವುದಿಲ್ಲ. ಕೋಲು ಹಿಗ್ಗುವುದಿಲ್ಲ, ಗಂಟು ಜಾರುವುದಿಲ್ಲ, ತುದಿಯ ತಿರುವಿನಲ್ಲಿ ಕೈ ತೊಡಕುವುದಿಲ್ಲ. ಅಕ್ಷಗಳ ಲಂಬವೇ ತಪ್ಪಿದ್ದರೂ ಬರುವ ರೇಖೆ ದೀರ್ಘವೃತ್ತವೇ ಆಗಿರುತ್ತದೆ, ಆದರೆ ನಮಗೆ ಬೇಕಾದದ್ದಲ್ಲ, ಹಲಗೆಯ ಮೇಲೆ ಓರೆಯಾಗಿ ಮಲಗಿದ ಬೇರೊಂದು. ಆದುದರಿಂದ ಮೂಲೆಮಟ್ಟದ ಪರೀಕ್ಷೆಯನ್ನು ಮಾತ್ರ ಬಿಡಕೂಡದು.

ಕೋಲಿಗೂ ಒಂದು ಬಲಹೀನತೆಯಿದೆ. ಉದ್ದ 36, ಅಗಲ 34 ಎಂಬಂಥ, ವೃತ್ತಕ್ಕೆ ತೀರ ಸಮೀಪವಾದ ಆಕೃತಿಯಲ್ಲಿ ಎರಡು ಮೊಳೆಗಳ ನಡುವಣ ಅಂತರ ಒಂದೇ ಅಂಗುಲವಾಗಿ, ಕೋಲಿನ ದಿಕ್ಕನ್ನು ನಿರ್ಧರಿಸುವ ಆಧಾರ ಸಾಲದೆ, ಕಡ್ಡಿ ಅದುರತೊಡಗುತ್ತದೆ. ಆಗ ಕಡ್ಡಿಯನ್ನು ಎರಡು ಮೊಳೆಗಳ ನಡುವೆ ಇಟ್ಟುಕೊಳ್ಳುವ ಇನ್ನೊಂದು ಬಗೆಯುಂಟು. ಅದಕ್ಕೆ ಉದ್ದವಾದ ಕೋಲೂ ಹಲಗೆಯ ಹೊರಗೆ ಬಹುದೂರದವರೆಗೆ ಚಾಚಿದ ಅಕ್ಷಗಳೂ ಬೇಕು. ಆದರೆ ಅಷ್ಟು ದುಂಡಾದ ಮೇಜು ಬೇಕೆನ್ನುವವನಿಗೆ ವೃತ್ತವನ್ನೇ ಮಾಡಿಸಿಕೋ ಎಂದು ಬುದ್ಧಿ ಹೇಳುವುದು ಲೇಸು.

ಎರಡು ಏಕಕೇಂದ್ರ ವೃತ್ತಗಳನ್ನು ಬರೆದು ಬಿಂದುಗಳನ್ನು ಸಾಧಿಸುವ ಮೂರನೆಯ ವಿಧಾನದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕಾಗದದ ಮೇಲೆ ಅದು ನಿರ್ದುಷ್ಟ. ‘ಕುಗ್ಗಿಸಿದ ವೃತ್ತ’ವೆಂಬ ತತ್ತ್ವವನ್ನೇ ಅದು ಅಕ್ಷರಶಃ ಆಚರಿಸುತ್ತದೆ. ಆದರೆ ಅದು ಕೊಡುವುದು ಬಿಂದುಗಳನ್ನು, ರೇಖೆಯನ್ನಲ್ಲ. ಬಿಂದುಗಳ ಮೇಲೆ ಸಣ್ಣ ಮೊಳೆಗಳನ್ನು ಹೊಡೆದು, ತೆಳುವಾದ ಮರದ ಪಟ್ಟಿಯನ್ನು ಅವಕ್ಕೆ ಬಾಗಿಸಿ, ಅದರ ಅಂಚಿನಗುಂಟ ಗೀಟು ಎಳೆಯಬೇಕು. ನಮ್ಮ ಚೌಕಟ್ಟಿನ ನಡುಭಾಗದಲ್ಲಿ ವಕ್ರತೆಯ ತ್ರಿಜ್ಯ 54 ಅಂಗುಲ, ತುದಿಯಲ್ಲಿ 2 ಅಂಗುಲ. ನಡುವಿಗೆ ಒಪ್ಪುವ ಪಟ್ಟಿ ತುದಿಯಲ್ಲಿ ಮುರಿಯುತ್ತದೆ, ತುದಿಗೆ ಒಪ್ಪುವಷ್ಟು ತೆಳುವಾದದ್ದು ನಡುವೆ ಮೊಳೆಯಿಂದ ಮೊಳೆಗೆ ಅಲೆಯಾಗಿ ಏಳುತ್ತದೆ. ಡ್ಯೂರರನು ಜಾರಿದ್ದು ಇಂಥ ಬಿಂದುಗಳನ್ನು ಕೂಡಿಸುವಾಗಲೇ ಎಂಬುದನ್ನು ಮರೆಯಬಾರದು.

ನಾಲ್ಕನೆಯದು ಕೈವಾರದ ವಿಧಾನ. ಎರಡು ಸಣ್ಣ ಕಂಸ, ಎರಡು ದೊಡ್ಡ ಕಂಸ, ನಾಲ್ಕು ಕೇಂದ್ರ. ಇಟಲಿಯ ಸೆರ್ಲಿಯೋ 1545ರಲ್ಲಿ ಪ್ರಕಟಿಸಿದ ತನ್ನ ವಾಸ್ತುಗ್ರಂಥದ ಜ್ಯಾಮಿತಿಯ ಭಾಗದಲ್ಲಿ ಇಂಥ ಅಂಡಾಕೃತಿಗಳನ್ನು ಬರೆಯುವ ನಾಲ್ಕು ಕ್ರಮಗಳನ್ನು ಕೊಟ್ಟಿದ್ದಾನೆ. ಅಲ್ಲಿಂದ ಮುಂದೆ ಯೂರೋಪಿನ ಶಿಲ್ಪಿಗಳಿಗೂ ಮರಗೆಲಸದವರಿಗೂ ಅದು ಬಾಯಿಪಾಠವಾಯಿತು. ಇದು ದೀರ್ಘವೃತ್ತವಲ್ಲ, ಎಷ್ಟು ನಾಜೂಕಾಗಿ ಬರೆದರೂ ಆಗುವುದೂ ಇಲ್ಲ. ದೀರ್ಘವೃತ್ತದಲ್ಲಿ ವಕ್ರತೆ ಪ್ರತಿ ಬಿಂದುವಿನಲ್ಲಿಯೂ ಮೆಲ್ಲಮೆಲ್ಲನೆ ಬದಲಾಗುತ್ತ ಹೋದರೆ, ಇಲ್ಲಿ ಒಂದು ಕಂಸ ಮುಗಿದು ಮತ್ತೊಂದು ತೊಡಗುವ ನಾಲ್ಕು ಸಂಧಿಗಳಲ್ಲಿ ಥಟ್ಟನೆ ಹಾರುತ್ತದೆ. ಬೆರಳಿಗೆ ಅದು ಹತ್ತದು. ಆದರೆ ಉಪ್ಪುಕಾಗದದಿಂದ ಉಜ್ಜಿ, ಅರಗಿನ ಪಾಲಿಶು ಕೊಟ್ಟು, ಕಿಟಕಿಯ ಬೆಳಕಿಗೆ ಅಂಚನ್ನು ಹಿಡಿದಾಗ, ಹೊಳಪು ಒಂದೆಡೆ ಸುಮ್ಮನೆ ನಡೆದು ಬಂದು ಸಂಧಿಯಲ್ಲಿ ಒಮ್ಮೆಲೇ ಮಗ್ಗುಲಾಗುವುದನ್ನು ಪಳಗಿದ ಕಣ್ಣು ಕಂಡೇ ಕಾಣುತ್ತದೆ. ಮೇಜಿನಂಥ ದೊಡ್ಡ ಬಯಲು ಹಲಗೆಗೆ ಇದನ್ನು ಬಳಸುವುದು ನನಗೆ ಸಮ್ಮತವಲ್ಲ.

ಹಾಗೆಂದು ಇದನ್ನು ಕೀಳೆಂದು ತಳ್ಳಿಹಾಕುವ ಶುದ್ಧಿವಾದಿಗಳ ಜೊತೆಗೂ ನಾನು ಸೇರಲಾರೆ. ಚೌಕಟ್ಟಿನ ಕೆಲಸದಲ್ಲಿ ಬೇಕಾದದ್ದು ಒಂದು ರೇಖೆಯಲ್ಲ, ಎರಡು. ಹೊರ ಅಂಚು ಮತ್ತು ಒಳ ಅಂಚು, ಅವುಗಳ ನಡುವಣ ಪಟ್ಟಿ ಎಲ್ಲೆಡೆಯೂ ಒಂದೇ ಅಗಲ. ದೀರ್ಘವೃತ್ತದ ಕೊರತೆ ಬಯಲಾಗುವುದು ಇಲ್ಲಿ. ಅದಕ್ಕೆ ಸಮದೂರದಲ್ಲಿ ಎಳೆದ ರೇಖೆ ದೀರ್ಘವೃತ್ತವಾಗಿರುವುದಿಲ್ಲ. ಹೊರಗಿನ ಉದ್ದಗಲಗಳಿಂದ ಸಮನಾಗಿ ಕಳೆದು ಒಳಗೆ ಇನ್ನೊಂದು ದೀರ್ಘವೃತ್ತವನ್ನು ಬರೆದರೆ, ಅಕ್ಷಗಳ ತುದಿಗಳಲ್ಲಿ ಪಟ್ಟಿ ಸರಿಯಾಗಿದ್ದು ನಾಲ್ಕು ಹೆಗಲುಗಳಲ್ಲಿ ಸಣಕಲಾಗುತ್ತದೆ. ಸಮದೂರವನ್ನೇ ಹಟದಿಂದ ಹಿಡಿದು ಮೂರಂಗುಲದ ಪಟ್ಟಿಯನ್ನು ಒಳಕ್ಕೆ ಎಳೆದರೆ, ತುದಿಯ ತ್ರಿಜ್ಯ ಎರಡೇ ಅಂಗುಲವಾದ್ದರಿಂದ ಒಳ ಅಂಚು ಅಲ್ಲಿ ದುಂಡಾಗದೆ ಮೂಲೆಯಾಗಿ ಮುರಿದುಕೊಳ್ಳುತ್ತದೆ. ಕೈವಾರದ ಆಕೃತಿಗೆ, ಸಣ್ಣ ಕಂಸದ ತ್ರಿಜ್ಯಕ್ಕಿಂತ ಪಟ್ಟಿಯ ಅಗಲ ಕಡಮೆಯಿರುವವರೆಗೆ, ಈ ಸಂಕಟವೇ ಇಲ್ಲ. ಕೇಂದ್ರಗಳನ್ನು ಅಲುಗಿಸದೆ ತ್ರಿಜ್ಯವನ್ನು ಕುಗ್ಗಿಸಿದರೆ ಸಮಾಂತರವಾದ ಒಳ ಅಂಚು ತಾನಾಗಿ ಬರುತ್ತದೆ. ರೋಮಿನ ಸಂತ ಪೀಟರನ ದೇಗುಲದ ಮುಂದಣ ಅಂಗಳವನ್ನು ಸುತ್ತುವರಿದ ಬರ್ನಿನಿಯ ಕಂಬಸಾಲು ಇದಕ್ಕೆ ಮಹಾಸಾಕ್ಷಿ. 1656ರಲ್ಲಿ ತೊಡಗಿದ ಆ ಅಂಗಳವನ್ನು ಲೋಕವೆಲ್ಲ ದೀರ್ಘವೃತ್ತವೆಂದು ಕರೆದರೂ ಅದು ವೃತ್ತಕಂಸಗಳ ಅಂಡಾಕೃತಿ. ನೆಲದಲ್ಲಿ ಗುರುತಿಟ್ಟಿರುವ ಕಂಸಕೇಂದ್ರದ ಬಿಲ್ಲೆಯ ಮೇಲೆ ನಿಂತವನಿಗೆ ನಾಲ್ಕು ಸಾಲಿನ ಕಂಬಗಳು ಒಂದರ ಹಿಂದೊಂದು ಅಡಗಿ ಒಂದೇ ಸಾಲಾಗಿ ಕಾಣುವುದು ಈ ಕಾರಣದಿಂದಲೇ. ನಿಜವಾದ ದೀರ್ಘವೃತ್ತದಲ್ಲಿ ಆ ಇಂದ್ರಜಾಲ ಸಾಧ್ಯವಿರಲಿಲ್ಲ. ಬರ್ನಿನಿಯು ತಿಳಿಯದೆ ಕೈವಾರವನ್ನು ಹಿಡಿದನೆಂದು ಹೇಳುವ ಎದೆ ಯಾರಿಗುಂಟು?

ನಿಖರತೆಯೆಂದರೆ ಯಾವುದಕ್ಕೆ ನಿಖರವೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮೈಸೂರಿನ ಬೀಟೆಮರದ ಕೆತ್ತುಕೂಡಿಕೆಯ ಕೆಲಸವನ್ನು ನೋಡಿರಿ: ನೀಳದುಂಡಾದ ಪದಕದೊಳಗೆ ಆನೆಯೋ ನವಿಲೋ, ಹಿಂದೆ ದಂತದಲ್ಲಿ, ಈಗ ಬಣ್ಣಬಣ್ಣದ ಮರಗಳಲ್ಲಿ. ಕುಶಲಿಯು ಮೊದಲು ತುಂಡನ್ನು ಕೊಯ್ದು, ಅದನ್ನು ಬೀಟೆಯ ಮೇಲಿಟ್ಟು, ಅದರ ಅಂಚನ್ನೇ ಅನುಸರಿಸಿ ಗೀಚಿ, ಗೀಚಿದಷ್ಟನ್ನು ಉಳಿಯಿಂದ ತೋಡುತ್ತಾನೆ. ತುಂಡಿನ ಆಕೃತಿ ಗಣಿತದ ದೀರ್ಘವೃತ್ತಕ್ಕಿಂತ ಕೂದಲಷ್ಟು ಬೇರೆಯಾದರೂ ನಷ್ಟವಿಲ್ಲ, ತೋಡಿಗೂ ತುಂಡಿಗೂ ನಡುವೆ ಕೂದಲು ತೂರಿದರೆ ಕೆಲಸ ಕೆಟ್ಟಂತೆ. ಅಲ್ಲಿಯ ಸತ್ಯ ಸೂತ್ರದೊಡನೆಯಲ್ಲ, ಪಕ್ಕದ ಮರದೊಡನೆ.

ಇನ್ನು ಮರವಂತೂ ನಮ್ಮ ನಿಖರತೆಯನ್ನು ಗೌರವಿಸುವ ವಸ್ತುವೇ ಅಲ್ಲ. ಹಲಗೆಯು ನಾರಿನ ಉದ್ದಕ್ಕೆ ಹೆಚ್ಚುಕಡಮೆ ಸ್ಥಿರವಾಗಿದ್ದು ಅಡ್ಡಕ್ಕೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ; ನಾಲ್ಕಡಿ ಅಗಲದ ಇಡಿಮರದ ಮೇಜು ಋತುಭೇದದಿಂದ ಕಾಲಂಗುಲದಷ್ಟು ಬದಲಾಗುವುದು ಅಪೂರ್ವವಲ್ಲ. ಜುಲೈಯಲ್ಲಿ 1/32 ಅಂಗುಲದ ಲೆಕ್ಕದಲ್ಲಿ ಬರೆದು ಕೊಯ್ದ ರೇಖೆ ಏಪ್ರಿಲಿನಲ್ಲಿ ಉಳಿದಿರುವುದಿಲ್ಲ. ಆದರೆ ಈ ಚಾಂಚಲ್ಯದಲ್ಲಿಯೂ ದೀರ್ಘವೃತ್ತಕ್ಕೆ ಒಂದು ವಿಶೇಷ ರಕ್ಷಣೆಯಿದೆ. ಅಡ್ಡದಿಕ್ಕಿನಲ್ಲಿ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿ ಕುಗ್ಗಿದ ದೀರ್ಘವೃತ್ತ ಇನ್ನೊಂದು ದೀರ್ಘವೃತ್ತವೇ ಆಗುತ್ತದೆ, ತನ್ನ ಜಾತಿಯನ್ನು ಕಳೆದುಕೊಳ್ಳುವುದಿಲ್ಲ. ವೃತ್ತವಾದರೋ ಕುಗ್ಗಿದೊಡನೆ ವೃತ್ತತ್ವವನ್ನು ಕಳೆದುಕೊಳ್ಳುತ್ತದೆ, ನಾಲ್ಕು ಕಂಸಗಳ ಅಂಡಾಕೃತಿಯ ಕಂಸಗಳೂ ವೃತ್ತಕಂಸಗಳಾಗಿ ಉಳಿಯುವುದಿಲ್ಲ. ಹಳೆಯ ಮನೆಗಳ ದುಂಡುಮೇಜುಗಳನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದು ನೋಡಿದರೆ, ಅವುಗಳಲ್ಲಿ ಬಹಳಷ್ಟು ಯಾರ ಕೋಲಿನ ನೆರವೂ ಇಲ್ಲದೆ ದೀರ್ಘವೃತ್ತಗಳಾಗಿರುವುದು ತಿಳಿಯುತ್ತದೆ. ಮರಕ್ಕೆ ಒಪ್ಪುವ ರೇಖೆಯನ್ನು ಆರಿಸುವುದಾದರೆ ಇದಕ್ಕಿಂತ ಬಲವಾದ ವಾದವನ್ನು ನಾನು ಕಾಣೆ.

ಆದುದರಿಂದ ಬಯಲು ಹಲಗೆಯ ಕೆಲಸಕ್ಕೆ ಕೋಲು, ಸಮ ಅಗಲದ ಪಟ್ಟಿಯುಳ್ಳ ಚೌಕಟ್ಟಿಗೆ ಕೈವಾರ, ತರಗತಿಗೂ ಹೂದೋಟಕ್ಕೂ ದಾರ ಎಂದು ನಾನು ತೀರ್ಪು ಕೊಡುತ್ತೇನೆ. ತರಬೇತಿ ಶಾಲೆಗಳಲ್ಲಿ ಮರಗೆಲಸವನ್ನು ಕಲಿಸುವ ಉಪಾಧ್ಯಾಯರು, ದಾರದ ಪಾಠ ಮುಗಿದ ದಿನವೇ, ಒಂದು ರೀಪರು ಮತ್ತು ಎರಡು ಮೊಳೆಗಳನ್ನು ಹುಡುಗರ ಕೈಗೆ ಕೊಟ್ಟು ಅದೇ ಅಳತೆಯ ರೇಖೆಯನ್ನು ಎಳೆಯಿಸಿ, ಎರಡರ ಅಗಲವನ್ನೂ ಅಳೆದು ನೋಡಿಸಲಿ. ಮುಂದಿನ ಉಪನ್ಯಾಸದ ಅಗತ್ಯ ಇರುವುದಿಲ್ಲ. ಮೇಜು ಮಾಡಿಸುವ ಗೃಹಸ್ಥರಿಗೂ ಒಂದು ಮಾತು: ರೇಖೆಯನ್ನು ನೇರವಾಗಿ ಬೆಲೆಬಾಳುವ ಹಲಗೆಯ ಮೇಲೆ ಬರೆಯಲು ಬಿಡದೆ, ಅದರ ಕಾಲುಭಾಗವನ್ನು ತೆಳು ಪ್ಲೈವುಡ್ಡಿನ ಮೇಲೆ ಬರೆಯಿಸಿ ಕೊಯ್ಯಿಸಿರಿ, ಕೆಲಸ ಮುಗಿದ ಮೇಲೆ ಆ ಫರ್ಮಾವನ್ನು ಕೇಳಿ ಪಡೆದು ಅಟ್ಟದ ಮೇಲೆ ಇಟ್ಟುಕೊಳ್ಳಿರಿ. ಮುಂದೆಂದಾದರೂ ಮೇಜಿನ ಮೇಲಕ್ಕೆ ಗಾಜು ಕೊಯ್ಯಿಸಬೇಕಾದಾಗ ಅಂಗಡಿಯವನು ಮೊದಲು ಕೇಳುವುದು ಅದನ್ನೇ.